ಗಾಳಿಯ ಬಾಗಿಲಿಗೆ ಒಂದು ಒಡಪು

ಶೇಂಗಾ ಹೊಟ್ಟು ತುಂಬಿದ ಲಾರಿಯೊಂದು ನನ್ನ ಮೊಮ್ಮಗಳ ಇಂಟರ್ನೆಟ್ಟನ್ನು ಎಳೆದುಕೊಂಡು ಹೋದದ್ದು ಎರಡು ಸಾವಿರದ ಎಂಟರ ಸುಮಾರಿಗೆ. ನಾನು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ತಲೆಯ ಮೇಲೆ ಟಣ್ ಅಂತ ಏನೋ ಹರಿದ ಸದ್ದಾಯಿತು. ನೋಡಿದರೆ ನಮ್ಮ ಮಾಳಿಗೆಯಿಂದ ರಸ್ತೆಯಾಚೆಯ ಮಾಳಿಗೆಗೆ ಕಟ್ಟಿದ್ದ ನೀಲಿ ವೈರು ಆ ಹೊಟ್ಟಿನ ಗುಡ್ಡೆಗೆ ಸುತ್ತಿಕೊಂಡು, ಲಾರಿಗೆ ಬಾಲ ಬಂದ ಹಾಗೆ ಅಲ್ಲಾಡುತ್ತಾ ಬಸ್ ಸ್ಟ್ಯಾಂಡಿನ ಕಡೆ ಹೊರಟಿದೆ.

"ಅಜ್ಜೀ, ಹಿಡಿಬೇ ಅದನ್ನ!" ಎದುರು ಕಿಟಕಿಯಿಂದ ಮೊಮ್ಮಗಳು ಕೂಗಿದಳು.

"ಲಾರಿ ಹಿಡೀಲೋ ವೈರು ಹಿಡೀಲೋ?" ಅಂದೆ. ಅಳಬೇಕಾದವಳು ನಕ್ಕುಬಿಟ್ಟಳು. ಅವಳ ಸ್ವಭಾವವೇ ಹಾಗೆ. ಹೊಟ್ಟೆ ತುಂಬಾ ನಗುತ್ತಾಳೆ, ಆಮೇಲೆ ಹಿಡಿದ ಕೆಲಸ ಬಿಡುವುದಿಲ್ಲ.

ಕೊಟ್ಟೂರಿನಲ್ಲಿ ನಮ್ಮ ಮನೆ ರಸ್ತೆಯ ಈ ಕಡೆ, ನಮ್ಮ ಶೇಂಗಾ ಅಂಗಡಿ ಆ ಕಡೆ. ಅಂಗಡಿಯ ಮೇಲೆ ಒಂದು ಕೋಣೆ ಇದೆ. ಮೊದಲು ಅದರಲ್ಲಿ ಖಾಲಿ ಗೋಣಿಚೀಲ ಒಟ್ಟುತ್ತಿದ್ದೆವು. ಮೊಮ್ಮಗಳು ಹರಪನಹಳ್ಳಿಯಲ್ಲಿ ಡಿಗ್ರಿ ಓದಿ, ಕಂಪ್ಯೂಟರನ್ನೂ ಕಲಿತು ಬಂದವಳೇ ಆ ಚೀಲಗಳನ್ನು ಇಳಿಸಿ, ಸುಣ್ಣ ಹೊಡೆಸಿ, ಹಳೆಯ ಕಂಪ್ಯೂಟರು ನಾಲ್ಕು ತಂದಿಟ್ಟು ಹುಡುಗಿಯರಿಗೆ ಪಾಠ ಶುರು ಮಾಡಿದ್ದಳು. ಉಜ್ಜಿನಿ ಕಡೆಯಿಂದ, ಕೂಡ್ಲಿಗಿ ಕಡೆಯಿಂದ ಬಸ್ಸು ಹಿಡಿದು ಬರುತ್ತಿದ್ದರು. ಬಂದವರಿಗೆಲ್ಲ ಬರೀ ಟೈಪು ಮಾಡುವುದು ಸಾಕಾಗಿರಲಿಲ್ಲ. ರಿಸಲ್ಟು ನೋಡಬೇಕು, ಕೆಲಸದ ಅರ್ಜಿ ಹಾಕಬೇಕು, ದೂರದ ಅಕ್ಕನಿಗೆ ಪತ್ರ ಕಳಿಸಬೇಕು. ಅದಕ್ಕೆಲ್ಲ ಇಂಟರ್ನೆಟ್ಟು ಬೇಕು. ಫೋನಿನ ತಂತಿ ಇದ್ದದ್ದು ನಮ್ಮ ಮನೆಗೆ ಮಾತ್ರ. ಆ ಕಡೆಗೆ ಇನ್ನೊಂದು ಕೊಡಲು ಕಂಬದಲ್ಲಿ ಜಾಗವಿಲ್ಲ ಅಂದುಬಿಟ್ಟಿದ್ದರು. ಹಾಗಾಗಿ ಆ ನೀಲಿ ವೈರು. ಅದಕ್ಕೆ ಈಗ ಲಾರಿಯ ಯೋಗ.

ಆ ಸಂಜೆ ನನ್ನ ಮಗ, ಅಂದರೆ ಅವಳ ಅಪ್ಪ, ಊಟಕ್ಕೆ ಕೂತಾಗ ಮಗಳಿಗೆ ಸಿಟ್ಟಿಲ್ಲದೆಯೇ ಹೇಳಿದ:

"ನೋಡವ್ವಾ, ಗೊಬ್ಬರದ ಅಂಗಡಿಯವ್ರು ಆ ಕೋಣಿ ಕೇಳಾಕತ್ಯಾರ. ನಾ ಇನ್ನೂ ಹ್ಞೂಂ ಅಂದಿಲ್ಲ. ದೀಪಾವಳಿ ಪಾಡ್ಯದ ದಿನ ಅಂಗಡಿ ಪೂಜಿ ಮಾಡ್ತೀವಲ್ಲ, ಆ ಹೊತ್ತಿಗೆ ನಾಕೂ ಕಂಪ್ಯೂಟರಿಗೆ ನಿನ್ನ ಇಂಟರ್ನೆಟ್ ಬಂದಿದ್ರ ಕೋಣಿ ನಿಂದು. ಇಲ್ಲಾಂದ್ರ ಅವತ್ತ ಕೀಲಿ ಅವ್ರ ಕೈಗೆ."

"ಬರದಿದ್ರ ಹುಡುಗ್ಯಾರಿಗೆ ಏನು ಹೇಳ್ಲಿ ಅಪ್ಪಾ?"

"ಅದನ್ನ ನೀ ವಿಚಾರ ಮಾಡು. ರೊಟ್ಟಿ ಹಾಕು."

ಅವಳು ರೊಟ್ಟಿ ಹಾಕಿದಳು.

ವೈರು ಬೇಡ, ಗಾಳಿಯಲ್ಲೇ ಕಳಿಸೋಣ ಅಂತ ಅವಳು ಹೊರಟಳು. ಹರಪನಹಳ್ಳಿಯ ಗೆಳತಿಯ ಹತ್ತಿರ ಹಳೆಯ ಸಾಮಾನು ಎರವಲು ತಂದಳು. ನಮ್ಮ ಕಿಟಕಿಯಲ್ಲಿ ಒಂದು ಪೆಟ್ಟಿಗೆ, ಆ ಕಡೆ ಕಂಪ್ಯೂಟರುಗಳಿಗೆ ಬೆರಳುದ್ದದ ಕಡ್ಡಿಗಳು. ಕಡ್ಡಿಗೆ ಅಡಾಪ್ಟರ್ ಅನ್ನುತ್ತಾರೆ. ಗಾಳಿಯಲ್ಲಿ ಬರುವುದನ್ನು ಹಿಡಿದು ಕಂಪ್ಯೂಟರಿಗೆ ಕುಡಿಸುವುದು ಅದರ ಕೆಲಸ. ದಾರಿಹೋಕರೆಲ್ಲ ಕುಡಿಯಬಾರದಲ್ಲ, ಅದಕ್ಕೊಂದು ಗುಟ್ಟಿನ ಮಾತು ಹಾಕಬೇಕು ಅಂದಳು. ನನ್ನ ಮಗ ಅಲ್ಲೇ ನಿಂತಿದ್ದ. ನಮ್ಮ ಮನೆಯಲ್ಲಿ ಹೊಸ ಚೀಲಕ್ಕೆ, ಹೊಸ ತಕ್ಕಡಿಗೆ, ಹೊಸ ಸೈಕಲ್ಲಿಗೆ ಮೊದಲು ಬೀಳುವ ಹೆಸರು ಒಂದೇ. "ಮನಿದೇವ್ರ ಹೆಸರು ಹಾಕವ್ವಾ" ಅಂದ. ಹಾಕಿದಳು. ನಾನು ಕೈ ಮುಗಿದೆ.

ಒಂದೆರಡು ದಿನ ಚೆನ್ನಾಗಿ ಓಡಿತು. ಆಮೇಲೆ ಮುದಿ ಎತ್ತಿನ ಹಾಗೆ ಕೂತಿತು. ಹುಡುಗಿಯರು ಒಂದು ಪುಟ ತೆರೆಯಲು ಹೇಳಿ, ಕೆಳಗಿಳಿದು ಮಂಡಕ್ಕಿ ಮಿರ್ಚಿ ತಿಂದು, ಕೈ ತೊಳೆದು ಬಂದರೂ ಪುಟ ಅರ್ಧಕ್ಕೇ ನಿಂತಿರುತ್ತಿತ್ತು.

ಗುಟ್ಟು ಬಿಚ್ಚಿದವಳು ಪಕ್ಕದ ಮನೆಯಾಕೆ. ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಟ್ಟಲು ಚಾಚಿ ನಿಂತು ಹರಸಿದಳು:

"ನಿಮ್ಮ ಮೊಮ್ಮಗಳು ನೂರು ವರ್ಷ ಬಾಳ್ಲಿ ಬಿಡ್ರಿ. ನಮ್ಮ ಹುಡುಗನ ಕಂಪ್ಯೂಟರಿಗೂ ಇಂಟರ್ನೆಟ್ ಬರಾಕತ್ತೇತಿ! ಅದರಾಗ ಫೋಟೋ ನೋಡ್ತಾನ, ಹಾಡು ಕೇಳ್ತಾನ."

"ನಿಮಗ ಹೆಂಗ ಬಂತು?" ಮೊಮ್ಮಗಳು ಒಳಗಿನಿಂದ ಓಡಿ ಬಂದಳು.

"ಹೆಂಗಂದ್ರ? ಅದು ಗುಟ್ಟಿನ ಮಾತು ಕೇಳ್ತಂತ. ಹುಡುಗ ಮನಿದೇವ್ರ ಹೆಸರು ಹಾಕ್ಯಾನ. ತಕ್ಷಣ ಬಂತಂತ."

"ಅದು ನಮ್ಮ ಮನಿದೇವ್ರ ಹೆಸರು ರೀ!"

"ನಮ್ಮ ಮನಿದೇವ್ರೂ ಅವನ ಅಲ್ಲೇನ? ಈ ಓಣಿಗೆಲ್ಲ ಅವನ!" ಅಂದಳು ಆಕೆ. ಕಳ್ಳತನದ ನೆರಳೂ ಆ ಮುಖದಲ್ಲಿರಲಿಲ್ಲ. ದೇವರ ಹೆಸರು ಹೇಳಿದರೆ ಬಾಗಿಲು ತೆರೆಯಿತು, ಅದರಲ್ಲಿ ತಪ್ಪೇನು? ವಿಚಾರಿಸಿದರೆ ಆ ಕಡೆಯ ಫೋಟೋ ಸ್ಟುಡಿಯೋದವರಿಗೂ ದೇವರು ಒಲಿದಿದ್ದ. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮೂರಲ್ಲಿ ಯಾರೇ ಆಗಲಿ ಮೊದಲು ಹೊಡೆಯುವ ಹೆಸರು ಅದೊಂದೇ.

ಪಕ್ಕದಾಕೆ ಹೋದ ಮೇಲೆ ನಾವಿಬ್ಬರೂ ಹೊಸ್ತಿಲ ಮೇಲೆ ಕೂತು ನಕ್ಕೆವು ನೋಡಿ, ಮೊಸರಿನ ಗಡಿಗೆಯ ಮುಚ್ಚಳ ಹಾಕುವುದನ್ನೂ ಮರೆತೆವು. ನಕ್ಕು ಮುಗಿದ ಮೇಲೆ ಅವಳು ಬೆರಳು ಮಡಚಿ ದಿನ ಎಣಿಸಿದಳು. "ಪಾಡ್ಯ ಬಂದೇಬಿಡ್ತು ಅಜ್ಜಿ. ಗುಟ್ಟಿನ ಮಾತು ಬದಲಿಸಿದ್ರೂ ಒಬ್ಬಾಕಿ ಬಾಯಿಬಿಟ್ರ ಮುಗೀತು, ಈ ಹಳೇ ಸಾಮಾನಿನ್ಯಾಗ ಆಗಂಗಿಲ್ಲ. ಹೊಸದು ಆರಿಸಬೇಕು, ನೋಡಿ ಆರಿಸಬೇಕು."

"ಆರಿಸೂದಾದ್ರ ನಾನೂ ಬರ್ತೀನಿ" ಅಂದೆ. ಗಡಿಗೆ ಕೊಳ್ಳಲಿ, ಎಮ್ಮೆ ಕೊಳ್ಳಲಿ, ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಹೋಗಿದ್ದಿಲ್ಲ.

ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಾ ಮಾಡುತ್ತಾ ಕಂಪ್ಯೂಟರ್ ಸಾಮಾನೂ ಇಟ್ಟಿದ್ದ ಸಾಹೇಬರೊಬ್ಬರಿದ್ದರು. ನಮ್ಮ ರೇಡಿಯೋ ಎಷ್ಟೋ ಸಲ ಅವರ ಕೈಯಲ್ಲಿ ಜೀವ ಪಡೆದಿತ್ತು. ಮೊಮ್ಮಗಳು ಅವರನ್ನು ಚಾಚಾ ಅನ್ನುತ್ತಿದ್ದಳು.

"ಬರ್ರಿ ಅಮ್ಮಾರ, ರೇಡಿಯೋ ಏನಂತತಿ?"

"ರೇಡಿಯೋ ಬಿಡ್ರಿ ಸಾಹೇಬ್ರ, ಈಗ ಗಾಳಿಗೇ ಬೀಗ ಹಾಕೂದೈತಿ" ಅಂದೆ.

ಅವರು ಗಾಜಿನ ಮೇಜಿನ ಮೇಲೆ ಸಾಮಾನು ಹರಡಿದರು. ಬೆರಳಿನಂಥವು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಹಲಗೆಯಂಥವು, ಮೊಲದ ಕಿವಿಯ ಹಾಗೆ ಕಡ್ಡಿ ನಿಗುರಿಸಿಕೊಂಡವು. ನಾನು ಒಂದನ್ನು ಎತ್ತಿ, ತೂಕ ನೋಡಿ, ಬೆರಳಿನಿಂದ ಬಾರಿಸಿದೆ.

"ಅಮ್ಮಾರ, ಅದು ಗಡಿಗಿ ಅಲ್ರಿ!"

"ಒಡದದ್ದಿದ್ರ ಗೊತ್ತಾಗ್ಲಿ ಅಂತ."

ಮೊಮ್ಮಗಳು ಬಾರಿಸಲಿಲ್ಲ. ಒಂದೊಂದರ ಡಬ್ಬಿಯ ಮೇಲಿನ ಚಿಕ್ಕ ಅಕ್ಷರ ಓದಿದಳು, ಒಂದೊಂದಕ್ಕೂ ಅದೇ ಪ್ರಶ್ನೆ ಕೇಳಿದಳು: "ಚಾಚಾ, ಇದಕ್ಕ ಹೊಸ ಬೀಗ ಗೊತ್ತೈತೇನು? ಆಳಿಗೊಂದು ಹೆಸರು, ಆಳಿಗೊಂದು ಕೀಲಿ, ಆ ನಮೂನಿದು?"

ನನಗೂ ಬಿಡಿಸಿ ಹೇಳಿದಳು. ಹಳೆಯ ನಮೂನೆಯಲ್ಲಿ ಎಲ್ಲರಿಗೂ ಒಂದೇ ಕೀಲಿ. ಒಬ್ಬರು ಬಾಯಿಬಿಟ್ಟರೆ ಊರಿಗೆಲ್ಲ ಬಾಗಿಲು. ಆ ಬೀಗವೂ ಬಡಕಲು, ತಿಳಿದವರು ಮುರಿಯಬಲ್ಲರು. ಹೊಸ ನಮೂನೆಯಲ್ಲಿ ಬಂದವರನ್ನು ಪೆಟ್ಟಿಗೆ ತಾನೇ ಒಳಗೆ ಬಿಡುವುದಿಲ್ಲ. ಮನೆಯಲ್ಲಿರುವ ಅವಳ ಸ್ವಂತ ಕಂಪ್ಯೂಟರಿನಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ. ಪೆಟ್ಟಿಗೆ ಹೋಗಿ ಅವನನ್ನು ಕೇಳುತ್ತದೆ. ಅವನು "ನೀ ಯಾರು, ನಿನ್ನ ಮಾತೇನು" ಅಂತ ವಿಚಾರಿಸಿ, ಹೌದಾದರೆ ಬಿಡು ಅನ್ನುತ್ತಾನೆ. ಒಬ್ಬಳು ಕ್ಲಾಸು ಬಿಟ್ಟರೆ ಅವಳ ಹೆಸರು ಮಾತ್ರ ತೆಗೆದರಾಯಿತು, ಉಳಿದವರ ಕೀಲಿ ಬದಲಿಸಬೇಕಾಗಿಲ್ಲ.

"ಅಂದ್ರ ಜಗಲಿ ಮ್ಯಾಲೆ ಕುಂತು ಹೋಗಿ ಬರೋರ್ನೆಲ್ಲಾ ಯಾರ ಪೈಕಿ ಅಂತ ಕೇಳ್ತಾರಲ್ಲ, ಹಂಗ" ಅಂದೆ.

"ಹೂಂ, ನಿನ್ನಂಗ" ಅಂದಳು ಕಳ್ಳಿ. ಚಾಚಾ ನಕ್ಕರು.

ಬ್ರಿಜ್ ಅನ್ನುವ ಎರಡು ಪೆಟ್ಟಿಗೆ ಸಿಕ್ಕವು. ಒಂದು ನಮ್ಮ ಮಾಳಿಗೆಯ ಮೇಲೆ, ಇನ್ನೊಂದು ಆ ಕೋಣೆಯ ಕಿಟಕಿಯಲ್ಲಿ. ಎದುರುಬದುರು ಮುಖ ಮಾಡಿ ಇಟ್ಟರೆ ನಡುವೆ ಕಣ್ಣಿಗೆ ಕಾಣದ ಸೇತುವೆ. ಯಾವ ಲಾರಿಯೂ ಎಳೆದುಕೊಂಡು ಹೋಗಲಾರದು. ಕಿಟಕಿಯ ಪೆಟ್ಟಿಗೆಯೇ ಕೋಣೆಯೊಳಗೂ ಹಂಚುತ್ತದೆ. ತೊಡಕಾದದ್ದು ಅಡಾಪ್ಟರಿನಲ್ಲಿ. ಹೊಸ ಬೀಗ ಬಲ್ಲವು ಅಂಗಡಿಯಲ್ಲಿದ್ದದ್ದು ಮೂರೇ. ನಮಗೆ ಬೇಕಾದ್ದು ನಾಲ್ಕು.

"ನಾಕನೇದು ಹಳೇ ನಮೂನಿದು ಹಾಕ್ಕೊ ಬೇಟಿ. ರೇಟೂ ಕಮ್ಮಿ" ಅಂದರು ಚಾಚಾ.

"ಒಂದು ಹಳೇದು ಕುಂತ್ರ ಅದಕ್ಕೋಸ್ಕರ ಎಲ್ಲಾರ ಬೀಗನೂ ಹಳೇದ ಮಾಡಬೇಕಾಕ್ಕತಿ ಚಾಚಾ. ಮೂರು ಬಾಗಲಕ್ಕ ಚಿಲಕ ಹಾಕಿ ನಾಕನೇದು ತೆರೆದಿಟ್ಟಂಗ."

"ಮುಂದಿನ ವಾರ ಹೊಸಪೇಟೆಯಿಂದ ತರಿಸ್ತೀನಿ."

"ಮುಂದಿನ ವಾರ ಆ ಕೋಣ್ಯಾಗ ಗೊಬ್ಬರದ ಚೀಲ ಇರ್ತಾವು."

ಅದನ್ನು ಅವಳು ದುಃಖದಿಂದ ಹೇಳಲಿಲ್ಲ, ಅಳತೆ ಹೇಳಿದ ಹಾಗೆ ಹೇಳಿದಳು. ಚಾಚಾ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಎದ್ದು ಹೋಗಿ ತಮ್ಮ ಅಂಗಡಿಯ ಕಂಪ್ಯೂಟರಿನ ಹಿಂದೆ ಕೈ ಹಾಕಿ, ಅಲ್ಲಿ ಚುಚ್ಚಿದ್ದ ಅಡಾಪ್ಟರನ್ನೇ ಕಿತ್ತು, ಅಂಗಿಯ ತುದಿಯಿಂದ ಒರೆಸಿ ಮೇಜಿನ ಮೇಲಿಟ್ಟರು.

"ಇದು ಅದ ನಮೂನಿದು. ತಗೊಂಡು ಹೋಗು. ನಂದು ಮುಂದಿನ ವಾರ ಬರ್ತತಿ. ನನ್ನ ಅಂಗಡಿ ಯಾರಾರ ಕೇಳ್ಯಾರೇನು?"

ಅವರ ತಲೆಯ ಮೇಲೆ ಕೈ ಇಟ್ಟು ಹರಸೋಣ ಅನ್ನಿಸಿತು. ಅವರ ಗಡ್ಡ ನನ್ನ ತಲೆಗಿಂತ ಬೆಳ್ಳಗಿತ್ತು, ಸುಮ್ಮನಾದೆ. ಮನೆಯಿಂದ ತಂದಿದ್ದ ಹುಣಸೆಹಣ್ಣಿನ ಉಂಡೆ ಅವರ ಕೈಗಿಟ್ಟೆ.

ಪಾಡ್ಯದ ಹಿಂದಿನ ದಿನ ಮಧ್ಯಾಹ್ನ ಎಲ್ಲ ಕೂಡಿಸಿದಳು. ಹುಡುಗಿಯರೆಲ್ಲ ಬಂದಿದ್ದರು. ನಾನು ಅವರಿಗೆ ಚಹಾ ತೆಗೆದುಕೊಂಡು ಮೆಟ್ಟಿಲು ಹತ್ತುವ ಹೊತ್ತಿಗೆ ಕೋಣೆಯಲ್ಲಿ ಗದ್ದಲ. ಒಬ್ಬೊಬ್ಬರೂ ತಮ್ಮ ಕೀಲಿಮಾತು ತಾವೇ ಆರಿಸಬೇಕು. ಉದ್ದ ಇರಬೇಕು, ಬೇರೆಯವರ ಊಹೆಗೆ ಸಿಗಬಾರದು, ಎಲ್ಲಿಯೂ ಬರೆದಿಡಬಾರದು, ತಾವು ಮಾತ್ರ ಮರೆಯಬಾರದು.

"ನಾ ದೇವ್ರ ಹೆಸರು..." ಅಂದಳು ಒಬ್ಬಳು.

"ದೇವ್ರು ಬ್ಯಾಡ!" ಎಲ್ಲರೂ ಒಟ್ಟಿಗೆ.

"ನಮ್ಮವ್ವನ ಹೆಸರು?" "ಊರಿಗೇ ಗೊತ್ತು." "ನಮ್ಮ ಎಮ್ಮಿ ಹೆಸರು?" "ಅದೂ ಊರಿಗೇ ಗೊತ್ತು, ದಿನಾ ಕರೀತೀರಿ!"

ಯಾವುದೂ ಬಗೆಹರಿಯದೆ ಮೊಮ್ಮಗಳು ಹಣೆ ಹಿಡಿದುಕೊಂಡು ಕೂತಿದ್ದಳು. ನನಗೆ ನಮ್ಮ ಮದುವೆಯ ಹೊಸ್ತಿಲು ನೆನಪಾಯಿತು. ಹಡಗಲಿ ಕಡೆಯಿಂದ ಬಂದ ಮದುಮಗಳು ನಾನು. ಬಾಗಿಲಿಗೆ ಅಡ್ಡ ಕೈ ಚಾಚಿ ನಾದಿನಿಯರು ನಿಂತಿದ್ದರು. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಒಡಪು ಅಂದರೆ ಗಂಡನ ಹೆಸರನ್ನು ಪ್ರಾಸದ ಮಾತಿನಲ್ಲಿ ಸುತ್ತಿ ಹೇಳುವುದು. ದಿನಬೆಳಗಾದರೆ ಆ ಹೆಸರು ಹಿಡಿದು ಕರೆಯುವಂತಿಲ್ಲ, ಬಾಯಿಗೆ ಬರುವುದು ಅದೊಂದೇ ದಾರಿಯಲ್ಲಿ. "ಹಸಿ ಮೆಣಸಿನಕಾಯಿ ಹಿಟ್ಟಿನ್ಯಾಗ ಅದ್ದಿಟ್ಟೆ, ಇಂಥವರ ಮನಿಗೆ ಬಲಗಾಲು ಮುಂದಿಟ್ಟೆ" ಅಂದಿದ್ದೆ. ಇಂಥವರು ಅನ್ನುವಲ್ಲಿ ನಮ್ಮ ಮನೆಯವರ ಹೆಸರು. ಒಮ್ಮೆ ಕಟ್ಟಿದ್ದನ್ನು ಈ ವಯಸ್ಸಿನವರೆಗೂ ಮರೆತಿಲ್ಲ.

"ಒಡಪು ಕಟ್ರೆವ್ವಾ" ಅಂದೆ. "ಉದ್ದನೂ ಇರ್ತತಿ, ಮರಿಯಂಗೂ ಇಲ್ಲ. ಒಬ್ಬರದು ಇನ್ನೊಬ್ರಿಗೆ ಎಲ್ಲಿ ಹೊಳೀಬೇಕು?"

ಮೊಮ್ಮಗಳು ಎದ್ದು ಬಂದು, ಚಹಾದ ತಟ್ಟೆಯ ಸಮೇತ ನನ್ನನ್ನು ತಬ್ಬಿಕೊಂಡಳು. ಅರ್ಧ ಚಹಾ ಮೆಟ್ಟಿಲ ಪಾಲಾಯಿತು.

"ನಮಗ ಗಂಡನ ಇಲ್ಲಲ್ಲ ಅಜ್ಜಿ!"

"ಗಂಡ ಬ್ಯಾಡ, ಯಾರಿಗೆ ಬೇಕಾದ್ರೂ ಕಟ್ರಿ. ಕೋಳಿಗೆ ಕಟ್ರಿ."

ಮೂಲೆಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಣಮಣ ಶುರು ಮಾಡಿದರು. ಒಬ್ಬಳು ಕಟ್ಟಿದ ಸಂತೋಷಕ್ಕೆ ತಡೆಯಲಾರದೆ ಕೂಗಿಬಿಟ್ಟಳು: "ತೊಗರಿ ಬ್ಯಾಳಿ ತೂಗಿ ತಂದೆ, ನಮ್ಮಣ್ಣ ಪಾಸಾದ ಎಲ್ಲಾರ ಹಿಂದೆ!"

"ಏ ಹುಚ್ಚಿ, ಬಾಯಿಬಿಟ್ಟೆಲ್ಲ! ಬ್ಯಾರೆ ಕಟ್ಟು!" ಕೋಣೆಯೇ ನಗೆಯಲ್ಲಿ ಹಾರಿಹೋಗುತ್ತದೇನೋ ಅನ್ನಿಸಿತು. ಪಾಪ, ಅವಳ ಅಣ್ಣನಿಗೆ ಅದು ಇಂದಿಗೂ ಗೊತ್ತಿಲ್ಲ.

ಇಂಗ್ಲಿಷ್ ಅಕ್ಷರದಲ್ಲೇ ಒಡಪು ಒತ್ತಿದರು. ನಾಲ್ಕೂ ಕಂಪ್ಯೂಟರು ಕೇಳಿದವು, ಕಾವಲುಗಾರ ಒಪ್ಪಿದ, ಬಾಗಿಲು ತೆರೆಯಿತು. ಪುಟಗಳು ಗಾಳಿಪಟದ ಹಾಗೆ ಏರಿದವು.

ಪಾಡ್ಯದ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟಿ, ತಕ್ಕಡಿಗೆ ವಿಭೂತಿ ಕುಂಕುಮ ಹಚ್ಚಿ ಎಲ್ಲರೂ ಸೇರಿದ್ದೆವು. ಗೊಬ್ಬರದ ಅಂಗಡಿಯವರೂ ಬಂದು ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳು ಮೇಲೆ ಹೋದಳು. ಹೋದವಳು ಮೆಟ್ಟಿಲ ತುದಿಯಲ್ಲಿ ನಿಂತು ನನ್ನನ್ನು ನೋಡಿದಳು.

"ಬರವಲ್ದು ಅಜ್ಜಿ. ಒಂದೂ ಬರವಲ್ದು. ನಿನ್ನೆ ಬಂದದ್ದು ಇವತ್ತು ಸತ್ತೈತಿ."

ಅವಳ ಅಪ್ಪ ಊದುಬತ್ತಿ ಕೈಯಲ್ಲಿ ಹಿಡಿದೇ ತಿರುಗಿದ.

"ಯಾಕ ಬರವಲ್ದು? ನಾ ಅದಕ್ಕ ಬಂದೋಬಸ್ತ ಮಾಡೀನಲ್ಲ!"

"ಏನು ಬಂದೋಬಸ್ತ ಅಪ್ಪಾ?"

"ಮಾಳಿಗಿ ಮ್ಯಾಲೆ ಮಂಗ್ಯಾ ಬರ್ತಾವು, ಪಟಾಕಿ ಕಿಡಿ ಬೀಳ್ತಾವು. ಪೂಜಿ ದಿನ ನಿನ್ನ ಪೆಟಗಿಗೆ ಏನಾರ ಆದೀತು ಅಂತ ನಸುಕಿನ್ಯಾಗ ಎದ್ದು ಎಣ್ಣಿ ಡಬ್ಬಿ ಬೋರಲು ಹಾಕಿ, ಮ್ಯಾಲೊಂದು ಕಲ್ಲಿಟ್ಟು ಬಂದೀನಿ."

"ಅಪ್ಪಾ... ತಗಡಿನ್ಯಾಗ ಗಾಳಿ ಮಾತು ಹಾಯಂಗಿಲ್ಲಪಾ!"

ಕೋಣೆಯನ್ನು ಕೊಟ್ಟುಬಿಡುತ್ತೇನೆ ಅಂದವನೇ ಬೆಳಕು ಹರಿಯುವ ಮೊದಲು ಎದ್ದು ಅವಳ ಪೆಟ್ಟಿಗೆಗೆ ಕಾವಲು ಹಾಕಿ ಬಂದಿದ್ದ! ಈಗ ಹೊಸ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡು, ಊದುಬತ್ತಿಯ ಸಮೇತ ರಸ್ತೆ ದಾಟಿ ಓಡಿದ. ಮಾಳಿಗೆಯ ಮೇಲೆ ಕಲ್ಲು ಉರುಳಿದ ಸದ್ದು, ಡಬ್ಬಿ ಎತ್ತಿದ ಸದ್ದು. ಅಲ್ಲಿಂದಲೇ ಕೂಗಿದ: "ಈಗ ಬಂತೇನು?"

ಒಳಗಿನಿಂದ ಹುಡುಗಿಯರ ಕೇಕೆಯೇ ಉತ್ತರವಾಯಿತು.

ಮಗ ಬೆವರೊರೆಸುತ್ತಾ ಬಂದು ಮೇಲೆ ಹತ್ತಿದ. ನಾಲ್ಕೂ ಕಂಪ್ಯೂಟರನ್ನು ಚೀಲದ ಕಾಳು ಪರೀಕ್ಷೆ ಮಾಡುವ ಹಾಗೆ ಒಂದೊಂದಾಗಿ ನೋಡಿದ. ಆಮೇಲೆ ಸೊಂಟದಿಂದ ಕೋಣೆಯ ಕೀಲಿ ಬಿಚ್ಚಿ, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಅವಳ ಕೈಗೆ ಕೊಟ್ಟ. ಗೊಬ್ಬರದ ಅಂಗಡಿಯವರು ದೊಡ್ಡ ಮನಸ್ಸಿನವರು. "ನಮ್ಮ ಮಗಳ್ನೂ ಸೇರಿಸ್ಕೊಳ್ಳವ್ವಾ" ಅಂದು ಫಳಾರ ತಿಂದು ಎದ್ದರು. ಪಕ್ಕದಾಕೆ ಮಾತ್ರ ಹೆಪ್ಪು ಕೇಳಲು ಬಂದಾಗ ಮುಖ ಸಣ್ಣ ಮಾಡಿದ್ದಳು. "ದೇವ್ರ ಹೆಸರು ಹೇಳಿದ್ರೂ ಬರವಲ್ದಲ್ರಿ!" ಅಂದಳು. "ನಿಮ್ಮ ಸೊಸೀನ ಕಳಿಸ್ರಿ, ಒಡಪು ಹೇಳಿ ಒಳಗ ಬರ್ಲಿ" ಅಂದೆ. ಸೊಸೆ ಮರುವಾರವೇ ಬಂದಳು.

ಆ ಪಾಡ್ಯದ ದಿನವೇ ಮೊಮ್ಮಗಳು ನನ್ನನ್ನೂ ಕುರ್ಚಿಯಲ್ಲಿ ಕೂರಿಸಿದಳು. ನನಗೂ ಒಂದು ಹೆಸರು ಮಾಡಿಟ್ಟಿದ್ದಳು. ಗುಂಡಿಗಳ ಮೇಲೆ ಚಿಕ್ಕ ಚಿಕ್ಕ ಕಾಗದ ಅಂಟಿಸಿ ಕನ್ನಡದ ಅಕ್ಷರ ಬರೆದಿದ್ದಳು, ಯಾವುದು ಎಲ್ಲಿದೆ ಅಂತ ನಾನು ಯಾರನ್ನೂ ಕೇಳದಿರಲಿ ಅಂತ. "ನಾ ಆ ಕಡೆ ನೋಡ್ತೀನಿ, ನೀ ಒತ್ತು" ಅಂದು ಬೆನ್ನು ತಿರುಗಿಸಿದಳು. ಹಳೆಯ ಒಡಪು ಊರಿಗೆಲ್ಲ ಗೊತ್ತು. ಅದಕ್ಕೆ ಹೊಸದು ಕಟ್ಟಿದೆ. ಮದುವೆಯಾದ ಮೇಲೆ ನಾನು ಕಟ್ಟಿದ ಮೊದಲ ಹೊಸ ಒಡಪು ಅದು. ಒಂದೊಂದೇ ಗುಂಡಿ ಹುಡುಕಿ ಒತ್ತುತ್ತಾ ಅವರ ಹೆಸರಿಗೆ ಬಂದಾಗ ಬೆರಳು ನಾಚಿತು. ಬಾಯಲ್ಲಿ ಆಡದ ಹೆಸರನ್ನು ಬೆರಳಿನಿಂದ ಒತ್ತಿದೆ. ಬಾಗಿಲು ತೆರೆಯಿತು.

ಆ ಹೆಸರಿನ ಒಡೆಯರು, ನಮ್ಮ ಮನೆಯವರು, ಹಿಂದೆಯೇ ಕೋಲೂರಿ ನಿಂತಿದ್ದರು. ಕಂಡದ್ದು ಬರೀ ಸಾಲು ಚುಕ್ಕಿ.

"ಏನು ಹಾಕ್ದಿ? ನನ್ನ ಹೆಸರೈತೇನು?"

"ಹೇಳಂಗಿಲ್ಲ."

"ನನಗೂ ಹೇಳಂಗಿಲ್ಲೇನು?"

"ಬಾಗಲಕ್ಕ ಅಡ್ಡ ನಿಂತವ್ರಿಗಷ್ಟ ಒಡಪು ಹೇಳೂದು" ಅಂದೆ.

ಅವರು ಕೋಲು ಗೋಡೆಗೆ ಒರಗಿಸಿ, ಕೋಣೆಯ ಬಾಗಿಲಿಗೆ ಹೋಗಿ ಎರಡೂ ಕೈ ಅಡ್ಡ ಚಾಚಿ ನಿಂತುಬಿಟ್ಟರು. ಹುಡುಗಿಯರು ಹೋ ಅಂದರು. ಮೊಮ್ಮಗಳು ಕೀಲಿ ಕುಣಿಸುತ್ತಾ, "ಹೇಳಬೇ ಅಜ್ಜಿ, ಇಲ್ಲಾಂದ್ರ ಇವತ್ತು ಇಲ್ಲೇ ವಸ್ತಿ" ಅಂದಳು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಹಳೆಯದನ್ನೇ ಹೇಳಿದೆ, ಮೆಣಸಿನಕಾಯಿಯದು, ಹೆಸರಿನ ಸಮೇತ. ಹೊಸದು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ.